ಹಂಡೆ ಹಳೆಯದು, ಯಜಮಾನ ಹೊಸಬ

ಮೊನ್ನೆ ಬೆಳಿಗ್ಗೆ ನಮ್ಮ ಮನೆಯ ಗೀಸರು ಕೈಕೊಟ್ಟಿತು. ಮಾಗಿಯ ಚಳಿ, ಬಸ್ಸಿಗೆ ಇನ್ನು ಅರ್ಧ ಗಂಟೆ. ತಣ್ಣೀರು ಸುರಿದುಕೊಂಡು, ದೇವರ ನಾಮದ ನಡುವೆ ಕಂಪೆನಿಯವರನ್ನೂ ನಾಲ್ಕು ಸಲ ನೆನೆಸಿಕೊಂಡು, ಹೇಗೋ ಬಸ್ಸು ಹಿಡಿದದ್ದಾಯಿತು. ಸಂಜೆ ಬಿಚ್ಚಿ ನೋಡಿಸಿದರೆ ಒಳಗಿನ ಥರ್ಮೋಸ್ಟಾಟು ಸುಟ್ಟು ಕರಕಲು. ಅದನ್ನು ಹಳೇ ಪೇಪರಿನಲ್ಲಿ ಸುತ್ತಿಕೊಂಡು ಬಸ್ ಸ್ಟ್ಯಾಂಡಿನ ಹಿಂದಿನ ಎಲೆಕ್ಟ್ರಿಕಲ್ ಅಂಗಡಿಗೆ ಹೋದೆವು.

ಅಂಗಡಿಯವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಇದು ಸಿಗಲ್ಲ ಸ್ವಾಮಿ” ಅಂದರು. “ಆ ಕಂಪೆನಿ ಕೈ ಬದಲಾಯ್ತು. ಹೊಸಬರು ಮಾಡೆಲ್ಲನ್ನೇ ನಿಲ್ಲಿಸಿಬಿಟ್ರು.”

“ಪೆಟ್ಟಿಗೆ ಮೇಲೆ ಹೆಸರು ಅದೇ ಇದೆಯಲ್ಲ?”

“ಹೆಸರು ಇದ್ದೇ ಇರುತ್ತೆ. ಆ ಹೆಸರಿಗೇ ಅಲ್ವೇ ಅವರು ದುಡ್ಡು ಕೊಟ್ಟಿರೋದು!”

ಅಂಗಡಿಯವರು ಮಾತನ್ನು ಅಷ್ಟಕ್ಕೇ ಬಿಟ್ಟು ಬೇರೆ ಗಿರಾಕಿಗೆ ವೈರು ಅಳೆಯಲು ಹೋದರು. ನಮಗೆ ಮಾತ್ರ ಆ ಮಾತು ತಲೆಯಲ್ಲೇ ಕೂತುಬಿಟ್ಟಿತು. ಕಂಪೆನಿ ಕೈ ಬದಲಾಯಿತು ಅಂದರೆ ಏನು? ಕೊಂಡವರು ಯಾರು, ಕೊಂಡದ್ದು ಏನನ್ನು, ಕೊಟ್ಟವರ ಗತಿ ಏನು? ನಮಗೆ ಬೆಳಗಿನ ಒಂದು ಬಿಂದಿಗೆ ಬಿಸಿನೀರಿನ ಪ್ರಶ್ನೆ. ಆದರೆ ಇದೇ ಪ್ರಶ್ನೆ ಯೂರೋಪಿನಲ್ಲಿ ಮನೆಮನೆಯ ಪ್ರಶ್ನೆ. ಬಾಯ್ಲರು ಮಾಡುವ ಕಂಪೆನಿಗಳನ್ನು ಒಬ್ಬರನ್ನೊಬ್ಬರು ನುಂಗುವ ಆಟ ಅಲ್ಲಿ ನೂರು ವರ್ಷದಿಂದ ನಡೆದಿದೆ. ಆ ಆಟದ ಕತೆ ಕೇಳಿದರೆ ನಮ್ಮ ಗೀಸರಿನ ಕತೆಯೂ ಅರ್ಥವಾದೀತು.

ಅವರ ಹಂಡೆ, ನಮ್ಮ ಹಂಡೆ

ನಮ್ಮಲ್ಲಿ ಬಚ್ಚಲೊಲೆಗೆ ತೆಂಗಿನ ಗರಿ ತುರುಕಿ ಹಂಡೆ ಕಾಯಿಸುತ್ತಿದ್ದ ಕಾಲ ಇನ್ನೂ ಪೂರ್ತಿ ಹೋಗಿಲ್ಲ. ಹಂಡೆ ಕೆಟ್ಟರೆ ಕಲಾಯಿಯವನು ಬರುತ್ತಿದ್ದ, ತಾಮ್ರ ತೂತಾದರೆ ಬೆಸೆಯುತ್ತಿದ್ದ. ಹಂಡೆಗೆ ಕಂಪೆನಿ ಇರಲಿಲ್ಲ, ಗ್ಯಾರಂಟಿ ಚೀಟಿಯೂ ಇರಲಿಲ್ಲ. ಅಜ್ಜಿಯ ಹಂಡೆ ಮೊಮ್ಮಗಳ ಮನೆಗೆ ಹೋಗುತ್ತಿತ್ತು.

ಇಂಗ್ಲೆಂಡು, ಜರ್ಮನಿಗಳ ಬಾಯ್ಲರು ಬರೀ ಸ್ನಾನಕ್ಕಲ್ಲ. ಗೋಡೆಗೆ ತಗುಲಿಸಿದ ಒಂದು ಪೆಟ್ಟಿಗೆ. ಒಳಗೆ ಗ್ಯಾಸು ಉರಿದು ನೀರು ಕಾಯುತ್ತದೆ. ಆ ನೀರು ಕೊಳವೆಗಳಲ್ಲಿ ಮನೆಯೆಲ್ಲ ಸುತ್ತಿ, ಕೋಣೆಕೋಣೆಯಲ್ಲಿರುವ ಕಬ್ಬಿಣದ ರೇಡಿಯೇಟರಿಗೆ ಶಾಖ ಕೊಟ್ಟು, ತಣ್ಣಗಾಗಿ ಮತ್ತೆ ಪೆಟ್ಟಿಗೆಗೇ ಬರುತ್ತದೆ. ಹೊರಗೆ ಹಿಮ ಬೀಳುವಾಗ ಈ ಪೆಟ್ಟಿಗೆ ನಿಂತರೆ ಮನೆ ತಣ್ಣಗಾಗುತ್ತದೆ, ಮುದುಕರು ಮಕ್ಕಳು ಕಾಯಿಲೆ ಬೀಳುತ್ತಾರೆ. ಆದ್ದರಿಂದ ಬಾಯ್ಲರು ಮಾಡಿದ ಕಂಪೆನಿ ಬದುಕಿದೆಯೋ ಇಲ್ಲವೋ, ಬಿಡಿಭಾಗ ಸಿಗುತ್ತದೋ ಇಲ್ಲವೋ ಅನ್ನುವುದು ಅಲ್ಲಿ ಅನ್ನದಷ್ಟೇ ಮುಖ್ಯವಾದ ಮಾತು.

ಅಂದ ಹಾಗೆ, ನಾವು ಅನ್ನುವ ಗೀಸರು ಕೂಡ ಅಲ್ಲಿಂದಲೇ ಬಂದದ್ದು. 1868ರಲ್ಲಿ ಲಂಡನ್ನಿನ ಬೆಂಜಮಿನ್ ಮಾನ್ ಎಂಬಾತ ಗ್ಯಾಸಿನಿಂದ ಸ್ನಾನದ ನೀರು ಕಾಯಿಸುವ ಯಂತ್ರ ಮಾಡಿ, ಐಸ್‌ಲೆಂಡಿನ ಬಿಸಿನೀರ ಬುಗ್ಗೆಯ ಹೆಸರನ್ನು ಅದಕ್ಕಿಟ್ಟ. ಇಂಗ್ಲಿಷಿನವರ ಬಾಯಲ್ಲಿ ಆ ಮಾತು ಈಗ ಹಳತಾಗಿದೆ. ನಮ್ಮ ಬಚ್ಚಲಲ್ಲಿ ಇನ್ನೂ ಜೀವಂತ.

ಅಂಗಡಿ ಕೊಳ್ಳುವ ಮೂರು ಬಗೆ

ಕತೆಗೆ ಹೋಗುವ ಮುಂಚೆ ಒಂದು ಲೆಕ್ಕ ಗೊತ್ತಿರಬೇಕು. ಕಂಪೆನಿ ಕೊಳ್ಳುವುದು ಅಂದರೆ ಮೂರು ಬಗೆ. ವ್ಯಾಪಾರ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು, ಅಂಗಡಿಯನ್ನು ಇದ್ದ ಹಾಗೇ ಕೊಳ್ಳುವುದು. ಸಾಮಾನು, ಸಾಲ, ಕೆಲಸದ ಹುಡುಗರು, ಗಿರಾಕಿಗೆ ಕೊಟ್ಟ ಮಾತು ಎಲ್ಲವೂ ಹೊಸ ಯಜಮಾನನ ತಲೆಗೆ. ಷೇರು ಕೊಳ್ಳುವುದು ಅಂದರೆ ಇದೇ. ಎರಡು, ಅಕ್ಕಪಕ್ಕದ ಎರಡು ಅಂಗಡಿ ನಡುವಿನ ಗೋಡೆ ಒಡೆದು ಒಂದಾಗುವುದು. ಇದು ವಿಲೀನ. ಮೂರು, ಅಂಗಡಿ ಬೇಡ, ಅದರ ಬೋರ್ಡು ಮಾತ್ರ ಸಾಕು ಅನ್ನುವುದು. ಹೆಸರು ಕೊಂಡು ತನ್ನ ಸಾಮಾನಿನ ಮೇಲೆ ಅಂಟಿಸಿಕೊಳ್ಳುವುದು. ಗಿರಾಕಿಗೆ ಮೂರೂ ಒಂದೇ ಥರ ಕಾಣುತ್ತವೆ, ಏಕೆಂದರೆ ಅವನಿಗೆ ಕಾಣುವುದು ಬೋರ್ಡು ಒಂದೇ. ವ್ಯತ್ಯಾಸ ತಿಳಿಯುವುದು ಸಾಮಾನು ಕೆಟ್ಟ ದಿನ.

ವಿಮಾನಕ್ಕಾಗಿ ಗೀಸರು ಮಾರಿದವರು

ಜರ್ಮನಿಯ ಹ್ಯೂಗೋ ಯೂಂಕರ್ಸ್ ಹೆಸರನ್ನು ವಿಮಾನದ ಕತೆ ಓದಿದವರು ಕೇಳಿರಬಹುದು. 1919ರಲ್ಲಿ ಪೂರ್ತಿ ಲೋಹದ ಪ್ರಯಾಣಿಕರ ವಿಮಾನ ಹಾರಿಸಿದ ಮಹಾನುಭಾವ. ಆದರೆ ಅವರ ಮೊದಲ ಕಸುಬು ವಿಮಾನವಲ್ಲ, ಸ್ನಾನದ ನೀರು. 1895ರಲ್ಲಿ ಡೆಸ್ಸಾವ್ ಊರಿನಲ್ಲಿ ಗ್ಯಾಸ್ ಗೀಸರು ಮಾಡುವ ಕಾರ್ಖಾನೆ ತೆರೆದರು. ಗೀಸರು ಮಾರಿ ಬಂದ ಹಣ ವಿಮಾನದ ಪ್ರಯೋಗಕ್ಕೆ ಹೋಗುತ್ತಿತ್ತು. ನಮ್ಮಲ್ಲಿ ಕಿರಾಣಿ ಅಂಗಡಿಯ ಲಾಭದಲ್ಲಿ ನಾಟಕ ಕಂಪೆನಿ ನಡೆಸಿದವರಿದ್ದರಲ್ಲ, ಹಾಗೆ.

ಲೋಕಕ್ಕೆಲ್ಲ ದುಡ್ಡಿನ ಬರ ಬಂದಾಗ ವಿಮಾನ ಕಾರ್ಖಾನೆ ಸಾಲದಲ್ಲಿ ಮುಳುಗಿತು. 1932ರಲ್ಲಿ ಯೂಂಕರ್ಸ್ ತಮ್ಮ ಗೀಸರು ಕಂಪೆನಿಯನ್ನು ಬಾಷ್ ಕಂಪೆನಿಗೆ ಮಾರಿದರು. ಅನ್ನ ಹಾಕುತ್ತಿದ್ದ ಹಸುವನ್ನು ಕೊಟ್ಟು ಕುದುರೆಯನ್ನು ಉಳಿಸಿಕೊಳ್ಳಲು ನೋಡಿದರು. ಕುದುರೆಯೂ ಉಳಿಯಲಿಲ್ಲ. ಮರುವರ್ಷ ಹಿಟ್ಲರನ ಸರ್ಕಾರ ಬಂದು ಅವರ ಪೇಟೆಂಟುಗಳನ್ನೂ ವಿಮಾನ ಕಂಪೆನಿಯನ್ನೂ ಬಲವಂತದಿಂದ ಕಿತ್ತುಕೊಂಡಿತು. ಯೂಂಕರ್ಸ್ 1935ರಲ್ಲಿ ತೀರಿಕೊಂಡರು. ಅವರಿಲ್ಲದೆಯೂ ಅವರ ಹೆಸರು ಮಾತ್ರ ಬಾಷ್ ಬಾಯ್ಲರುಗಳ ಮೇಲೆ ಎಂಬತ್ತು ವರ್ಷ ದಾಟಿ ನಡೆಯಿತು.

ಬಾಷ್ ಅಂದರೆ ನಮ್ಮವರಿಗೆ ಹೊಸಬರಲ್ಲ. 1951ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೈಕೋ ಕಾರ್ಖಾನೆ ಅವರ ಬಳಗದ್ದೇ. 2008ರಲ್ಲಿ ಮೈಕೋ ಅನ್ನುವ ಹೆಸರು ತೆಗೆದು ಬಾಷ್ ಅಂತ ಇಟ್ಟರು. ಅದು ಮಾರಾಟವಲ್ಲ, ನಾಮಕರಣ ಅಷ್ಟೇ. ಆದರೂ ಬೆಂಗಳೂರಿನ ಬಸ್ಸಿನಲ್ಲಿ ಕೂತು “ಮೈಕೋ ಲೇಔಟಿಗೆ ಒಂದು ಕೊಡಿ” ಅಂದರೆ ಕಂಡಕ್ಟರಿಗೆ ತಿಳಿಯುತ್ತದೆ. ಕಂಪೆನಿ ಬಿಟ್ಟ ಹೆಸರನ್ನು ಊರು ಬಿಡುವುದಿಲ್ಲ. ವ್ಯಾಪಾರದವರು ದುಡ್ಡು ಸುರಿಯುವುದು ಜನರ ಈ ಗುಣದ ಮೇಲೆಯೇ.

ಪ್ಲಂಬರು ಹೇಳಿದ್ದೇ ವೇದವಾಕ್ಯ

ಗೀಸರಿನ ವ್ಯಾಪಾರದ ರುಚಿ ಹತ್ತಿದ ಬಾಷ್ ಅಲ್ಲಿಗೇ ನಿಲ್ಲಲಿಲ್ಲ. ಇಂಗ್ಲೆಂಡಿನ ವೂಸ್ಟರ್ ಊರಿನಲ್ಲಿ 1962ರಲ್ಲಿ ಸೆಸಿಲ್ ಡಕ್ವರ್ತ್ ಶುರು ಮಾಡಿದ ಬಾಯ್ಲರು ಕಂಪೆನಿಯನ್ನು 1992ರಲ್ಲಿ ಕೊಂಡಿತು. 2003ರಲ್ಲಿ ಜರ್ಮನಿಯ ಬುಡೆರಸ್ ಕಂಪೆನಿಯನ್ನು ಕೊಂಡಿತು. ಬುಡೆರಸ್ ಅಂದರೆ 1731ರಲ್ಲಿ ಕಬ್ಬಿಣ ಕರಗಿಸುವ ಕುಲುಮೆಯಾಗಿ ಹುಟ್ಟಿದ್ದು. ಹೈದರಾಲಿ ಮೈಸೂರನ್ನು ಆಳುವ ಮೊದಲೇ ಇದ್ದ ಕಂಪೆನಿ ಸ್ವಾಮಿ!

ಜರ್ಮನಿಯ ಇನ್ನೊಂದು ಹಳೇ ಮನೆತನ ವೈಲಂಟ್, 1874ರದ್ದು. ಅವರು 2001ರಲ್ಲಿ ಇಂಗ್ಲೆಂಡಿನ ಹೆಪ್‌ವರ್ತ್ ಕಂಪೆನಿಯನ್ನು ಕೊಂಡರು. ಅದರ ಜೊತೆಗೆ ಇಂಗ್ಲೆಂಡಿನ ಗ್ಲೋವರ್ಮ್ ಮತ್ತು ಫ್ರಾನ್ಸಿನ ಸೋನಿಯೇ ದ್ಯುವಾಲ್ ಅನ್ನುವ ಎರಡು ಹೆಸರಾಂತ ಬ್ರ್ಯಾಂಡು ಅವರ ಚೀಲಕ್ಕೆ ಬಿದ್ದವು. 2007ರಲ್ಲಿ ಟರ್ಕಿಯ ಡೆಮಿರ್‌ಡೋಕುಮ್ ಬಂತು.

ಇಷ್ಟೆಲ್ಲ ಕೊಂಡವರು ಒಂದೇ ಬೋರ್ಡು ಹಾಕಬಹುದಿತ್ತಲ್ಲ? ಹಾಕಲಿಲ್ಲ. ವೂಸ್ಟರ್ ಹೆಸರು ಉಳಿಯಿತು, ಪಕ್ಕದಲ್ಲಿ ಬಾಷ್ ಸೇರಿತು. ಬುಡೆರಸ್ ಉಳಿಯಿತು. ಗ್ಲೋವರ್ಮ್ ಉಳಿಯಿತು. ಹೀಗಾಗಿ ಒಂದೇ ಬೀದಿಯ ಎರಡು ಮನೆಯವರು ನನ್ನ ಬಾಯ್ಲರು ಮೇಲು, ನಿನ್ನದು ಕೀಳು ಅಂತ ವಾದಿಸುತ್ತಿದ್ದರೆ, ಎರಡರ ಲಾಭವೂ ಒಂದೇ ಗಲ್ಲಕ್ಕೆ ಬೀಳುತ್ತಿರಬಹುದು.

ಯಾಕೆ ಹೀಗೆ? ಬಾಯ್ಲರನ್ನು ಮನೆಯವನು ಆರಿಸುವುದಿಲ್ಲ. ಸೀರೆ ಆರಿಸಿದ ಹಾಗೆ ಹತ್ತು ಬಾಯ್ಲರು ಹರವಿ ನೋಡುವವರು ಯಾರೂ ಇಲ್ಲ. ಚಳಿಗಾಲದ ನಡುವೆ ಹಳೆಯದು ಕೆಡುತ್ತದೆ, ಪ್ಲಂಬರಿಗೆ ಫೋನು ಹೋಗುತ್ತದೆ, ಅವನು “ಇದನ್ನು ಹಾಕಿಸಿಕೊಳ್ಳಿ” ಅನ್ನುತ್ತಾನೆ, ಮುಗಿಯಿತು. ಆ ಪ್ಲಂಬರು ಇಪ್ಪತ್ತು ವರ್ಷದಿಂದ ಒಂದೇ ಕಂಪೆನಿಯ ಪೆಟ್ಟಿಗೆ ಬಿಚ್ಚಿ ಕಟ್ಟಿ ಕೈ ಪಳಗಿಸಿಕೊಂಡಿರುತ್ತಾನೆ. ಯಾವ ತಿರುಪು ಎಲ್ಲಿದೆ, ಯಾವ ಭಾಗ ಮೊದಲು ಹೋಗುತ್ತದೆ ಅನ್ನುವುದು ಅವನಿಗೆ ಕಣ್ಣು ಮುಚ್ಚಿಕೊಂಡು ಗೊತ್ತು. ಹೆಸರು ತೆಗೆದುಹಾಕಿದರೆ ಅವನ ನಂಬಿಕೆ ತಪ್ಪುತ್ತದೆ, ಅವನು ಪಕ್ಕದ ಕಂಪೆನಿಗೆ ಹೋಗುತ್ತಾನೆ. ಆದ್ದರಿಂದ ಕೋಟಿಗಟ್ಟಲೆ ಸುರಿದು ಕೊಳ್ಳುವುದು ಬರೀ ಕಾರ್ಖಾನೆಯನ್ನಲ್ಲ. ಸಾವಿರಾರು ಪ್ಲಂಬರುಗಳ ಕೈ ರೂಢಿಯನ್ನು ಕೊಳ್ಳುತ್ತಾರೆ. ಹೆಸರು ಆ ರೂಢಿಯ ಬೀಗದ ಕೈ.

ಕೆಲಸಗಾರರೇ ಯಜಮಾನರಾದ ಕತೆ

ಈ ಆಟದಲ್ಲಿ ಮನಸ್ಸಿಗೆ ನಾಟುವ ಕತೆ ಒಂದಿದೆ. ಇಂಗ್ಲೆಂಡಿನ ಲ್ಯಾಂಕಶೈರ್ ಸೀಮೆಯ ಚೋರ್ಲಿ ಊರಿನಲ್ಲಿ ರಿಚರ್ಡ್ ಬ್ಯಾಕ್ಸೆಂಡೇಲ್ ಎಂಬ ಎರಕದ ಕೆಲಸಗಾರ 1866ರಲ್ಲಿ ಒಂದು ಕುಲುಮೆ ಹಾಕಿದ. ಅದೇ ಬೆಳೆದು ಬ್ಯಾಕ್ಸಿ ಕಂಪೆನಿಯಾಯಿತು. ಒಲೆ, ಅಗ್ಗಿಷ್ಟಿಕೆ, ಆಮೇಲೆ ಬಾಯ್ಲರು.

ನೂರು ವರ್ಷ ದಾಟಿದ ಮೇಲೆ ಕಂಪೆನಿ ಫಿಲಿಪ್ ಬ್ಯಾಕ್ಸೆಂಡೇಲ್ ಕೈಯಲ್ಲಿತ್ತು. ಮುಂದೆ ಯಾರಿಗೆ ಅನ್ನುವ ಪ್ರಶ್ನೆ ಬಂತು. ದೊಡ್ಡ ಕುಳಗಳಿಗೆ ಮಾರಿದ್ದರೆ ಕೈತುಂಬ ಹಣ ಬರುತ್ತಿತ್ತು. ಮಾರಲಿಲ್ಲ. 1983ರಲ್ಲಿ ಪೇಟೆಯ ಬೆಲೆಗಿಂತ ಎಷ್ಟೋ ಕಡಿಮೆಗೆ ಕಂಪೆನಿಯನ್ನು ಕೆಲಸಗಾರರ ಟ್ರಸ್ಟಿಗೇ ಕೊಟ್ಟುಬಿಟ್ಟರು. ಲೇತು ತಿರುಗಿಸುವವನೂ ಲೆಕ್ಕ ಬರೆಯುವವನೂ ಯಜಮಾನನೇ ಆದ. ಕಾರ್ಖಾನೆಯ ಮಾಲಿಕ ಅಂದರೆ ಹೀಗಿರಬೇಕು ಅಂತ ಜನ ಹೊಗಳಿದರು.

ಆದರೆ ಸುತ್ತಲೂ ಮೀನುಗಳು ಒಂದನ್ನೊಂದು ನುಂಗಿ ದಪ್ಪವಾಗುತ್ತಿದ್ದವು. ಸಣ್ಣವರಾಗಿಯೇ ಉಳಿದರೆ ನಮ್ಮನ್ನೂ ನುಂಗುತ್ತಾರೆ ಅನ್ನುವ ಭಯ ಬ್ಯಾಕ್ಸಿಯ ಆಡಳಿತಕ್ಕೆ ಬಂತು. ನಾವೇ ಮೊದಲು ನುಂಗೋಣ ಅಂತ, ತೊಂಬತ್ತರ ದಶಕದ ಕೊನೆಗೆ ನ್ಯೂಮಂಡ್ ಅನ್ನುವ, ಪಾಟರ್ಟನ್ ಬಾಯ್ಲರಿನ ಒಡೆತನವಿದ್ದ ದೊಡ್ಡ ಬಳಗವನ್ನು ಕೊಳ್ಳಲು ಹೊರಟರು. ಅಷ್ಟು ಹಣ ಕೆಲಸಗಾರರ ಟ್ರಸ್ಟಿನಲ್ಲಿ ಎಲ್ಲಿಂದ ಬರಬೇಕು? ಹೊರಗಿನ ಬಂಡವಾಳಗಾರರು ಬಂದರು. ದುಡ್ಡು ಹಾಕಿದವನು ಗದ್ದುಗೆ ಬಿಡುತ್ತಾನೆಯೇ? ಕೊಂಡದ್ದು ಬ್ಯಾಕ್ಸಿ, ಹೆಸರು ಉಳಿದದ್ದೂ ಬ್ಯಾಕ್ಸಿಯದೇ. ಆದರೆ ಕೆಲಸಗಾರರ ಯಜಮಾನಿಕೆ ಅಲ್ಲಿಗೆ ಮುಗಿಯಿತು. ಗೆದ್ದವರೇ ಮನೆ ಕಳೆದುಕೊಂಡ ಹಾಗಾಯಿತು. ಟ್ರಸ್ಟಿನ ಪಾಲಿಗೆ ಉಳಿದ ಹಣದಿಂದ, ಬೇರೆ ಕಂಪೆನಿಗಳ ನೌಕರರು ತಮ್ಮ ಕಂಪೆನಿ ಕೊಳ್ಳಲು ನೆರವು ಕೊಡುವ ಕೆಲಸ ಶುರುವಾಯಿತು ಅನ್ನುವುದೊಂದು ಸಮಾಧಾನ.

2009ರಲ್ಲಿ ಆ ಬ್ಯಾಕ್ಸಿಯೂ ಡಚ್ಚರ ರೆಮೆಹಾ, ಫ್ರಾನ್ಸಿನ ದ ದೀತ್ರಿಶ್ ಸೇರಿದ್ದ ಬಳಗದ ಜೊತೆ ಒಂದಾಯಿತು. ಮೂರು ಹೆಸರಿನ ಮೊದಲ ಅಕ್ಷರ ಹಿಡಿದು ಬಿ.ಡಿ.ಆರ್. ಥರ್ಮಿಯಾ ಅಂತ ಹೆಸರಿಟ್ಟರು. ಬ್ಯಾಕ್ಸಿ ಬಾಯ್ಲರು ಈಗಲೂ ಲ್ಯಾಂಕಶೈರಿನ ಪ್ರೆಸ್ಟನ್ ಬಳಿಯಲ್ಲೇ ತಯಾರಾಗುತ್ತದೆ. ಯಜಮಾನಿಕೆ ಮಾತ್ರ ಸಮುದ್ರದ ಆಚೆ, ಹಾಲೆಂಡಿನ ಅಪೆಲ್‌ಡೂರ್ನ್ ಊರಿನಲ್ಲಿ.

ಎಸಿಯವರು ಒಲೆ ಕೊಂಡರು

ಇಲ್ಲಿಯವರೆಗೆ ಬಾಯ್ಲರಿನವರು ಬಾಯ್ಲರಿನವರನ್ನೇ ನುಂಗುತ್ತಿದ್ದರು. 2023ರಲ್ಲಿ ಆಟ ಬದಲಾಯಿತು. ಮನೆ ತಣ್ಣಗೆ ಮಾಡುವವರು ಮನೆ ಬೆಚ್ಚಗೆ ಮಾಡುವವರನ್ನು ಕೊಳ್ಳಲು ಬಂದರು.

ಕಾರಣ ಹೀಟ್ ಪಂಪು. ಇದು ದೊಡ್ಡ ವಿದ್ಯೆಯೇನಲ್ಲ. ನಿಮ್ಮ ಫ್ರಿಜ್ಜಿನ ಹಿಂದೆ ಕೈ ಇಟ್ಟು ನೋಡಿ, ಬಿಸಿ ಇರುತ್ತದೆ. ಒಳಗಿನ ಶಾಖವನ್ನು ಎಳೆದು ಹೊರಗೆ ಹಾಕುವುದೇ ಅದರ ಕೆಲಸ. ಅದನ್ನೇ ತಿರುಗಿಸಿ, ಹೊರಗಿನ ಗಾಳಿಯ ಶಾಖವನ್ನು ಎಳೆದು ಮನೆಯೊಳಗೆ ಹಾಕಿದರೆ ಹೀಟ್ ಪಂಪು. ಒಂದು ಯೂನಿಟ್ ಕರೆಂಟು ಕೊಟ್ಟರೆ ಸುಮಾರು ಮೂರು ಯೂನಿಟ್ ಶಾಖ ಸಿಗುತ್ತದೆ. ಗ್ಯಾಸು ಬೇಕಿಲ್ಲ.

2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ಬಿದ್ದಾಗ ಜರ್ಮನಿಯವರಿಗೆ ಗ್ಯಾಸಿನ ಬಿಸಿ ತಟ್ಟಿತು. ಆವರೆಗೆ ಅವರು ತರಿಸುತ್ತಿದ್ದ ಗ್ಯಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ರಷ್ಯಾದ್ದು. ಹೊಸದಾಗಿ ಹಾಕುವ ಒಲೆಗಳು ಹೆಚ್ಚಿನ ಪಾಲು ನವೀಕರಿಸಬಲ್ಲ ಇಂಧನದಿಂದಲೇ ನಡೆಯಬೇಕು ಅನ್ನುವ ಕಾನೂನಿನ ಚರ್ಚೆ 2023ರಲ್ಲಿ ಜೋರಾಯಿತು. ಗ್ಯಾಸ್ ಬಾಯ್ಲರಿನ ಹಳೇ ಮನೆತನಗಳಿಗೆ ನಿದ್ದೆ ಕೆಟ್ಟಿತು. ಹೀಟ್ ಪಂಪಿನ ಹೃದಯವಾದ ಕಂಪ್ರೆಸರಿನಲ್ಲಿ ಪಳಗಿದವರು ಯಾರು? ಎಸಿ ಮಾಡುವ ಅಮೆರಿಕದವರು, ಜಪಾನಿನವರು, ಚೀನದವರು.

ಜರ್ಮನಿಯ ಫೀಸ್‌ಮನ್ ಮನೆತನ ಆಗ ಒಂದು ತೀರ್ಮಾನಕ್ಕೆ ಬಂತು. ಯೋಹಾನ್ ಫೀಸ್‌ಮನ್ 1917ರಲ್ಲಿ ಹೋಫ್ ಊರಿನಲ್ಲಿ ತೆರೆದ ಬೀಗ-ಕಬ್ಬಿಣದ ಅಂಗಡಿ ಅದು. ಮುಂದೆ ಅಲೆನ್‌ಡಾರ್ಫ್ ಎಂಬ ಹಳ್ಳಿಗೆ ಹೋಗಿ ಬಾಯ್ಲರಿನ ಸಾಮ್ರಾಜ್ಯವಾಯಿತು. ನಾಲ್ಕನೇ ತಲೆಮಾರಿನ ಮ್ಯಾಕ್ಸ್ ಫೀಸ್‌ಮನ್ 2023ರ ಏಪ್ರಿಲ್‌ನಲ್ಲಿ ಬಾಯ್ಲರು, ಹೀಟ್ ಪಂಪಿನ ವಿಭಾಗವನ್ನು ಅಮೆರಿಕದ ಕ್ಯಾರಿಯರ್ ಕಂಪೆನಿಗೆ 1,200 ಕೋಟಿ ಯೂರೋಗೆ ಮಾರಲು ಒಪ್ಪಿದರು. ನಮ್ಮ ಲೆಕ್ಕದಲ್ಲಿ ಒಂದು ಲಕ್ಷ ಕೋಟಿ ರೂಪಾಯಿಗೂ ಮೇಲೆ. ನೂರಕ್ಕೆ ಎಂಬತ್ತು ಪಾಲು ನಗದು, ಇಪ್ಪತ್ತು ಪಾಲು ಕ್ಯಾರಿಯರ್ ಷೇರು. 2024ರ ಜನವರಿಯಲ್ಲಿ ವ್ಯವಹಾರ ಮುಗಿಯಿತು.

ಕ್ಯಾರಿಯರ್ ಹೆಸರು ನಮ್ಮ ಎಸಿ ಅಂಗಡಿಗಳಿಗೆ ಗೊತ್ತು. ಅದರ ಮೂಲಪುರುಷ ವಿಲ್ಲಿಸ್ ಕ್ಯಾರಿಯರ್ 1902ರಲ್ಲಿ ಎಸಿ ಕಂಡುಹಿಡಿದದ್ದು ಮನುಷ್ಯರಿಗಾಗಿ ಅಲ್ಲ. ನ್ಯೂಯಾರ್ಕಿನ ಒಂದು ಅಚ್ಚುಕೂಟದಲ್ಲಿ ತೇವಕ್ಕೆ ಕಾಗದ ಸುಕ್ಕಾಗಿ ಬಣ್ಣ ಸರಿಯಾಗಿ ಕೂರುತ್ತಿರಲಿಲ್ಲ, ಅದಕ್ಕಾಗಿ. ಪತ್ರಿಕೆಯವರಾದ ನಮಗೆ ಇದೊಂದು ಹೆಮ್ಮೆ ಇರಲಿ.

ಮಾರಾಟದ ಸುದ್ದಿ ಬಂದಾಗ ಅಲೆನ್‌ಡಾರ್ಫಿನ ಜನ ಕೇಳಿದ್ದು ಒಂದೇ: ನಮ್ಮ ಕೆಲಸದ ಗತಿ? ಊರಿಗೆ ಊರೇ ಆ ಕಾರ್ಖಾನೆಯ ಅನ್ನ ಉಣ್ಣುತ್ತಿತ್ತು. ಒಪ್ಪಂದದಲ್ಲಿ ಮೂರು ವರ್ಷ ಯಾರನ್ನೂ ಕೆಲಸ ಕಡಿಮೆ ಅಂತ ತೆಗೆಯುವ ಹಾಗಿಲ್ಲ, ಮುಖ್ಯ ಕಾರ್ಖಾನೆಗಳನ್ನು ಐದು ವರ್ಷ ಮುಚ್ಚುವ ಹಾಗಿಲ್ಲ, ಕೇಂದ್ರ ಕಚೇರಿ ಹತ್ತು ವರ್ಷ ಅಲ್ಲೇ ಇರಬೇಕು ಅಂತ ಬರೆಸಿದರು. ಮನೆತನ ತನ್ನ 106 ವರ್ಷದ ನೆನಪಿಗೆ ನೌಕರರಿಗೆ 10 ಕೋಟಿ 60 ಲಕ್ಷ ಯೂರೋ ಹಂಚಿತು. ಒಳ್ಳೆಯ ಮಾತೇ. ಆದರೆ ನೂರು ವರ್ಷ ಕೇಳದ ಪ್ರಶ್ನೆಯನ್ನು ಈಗ ಮೂರು, ಐದು, ಹತ್ತು ಅಂತ ಬೆರಳೆಣಿಸಿ ಕೇಳುವ ಹಾಗಾಯಿತಲ್ಲ. ಬಾಡಿಗೆ ಕರಾರು ಬರೆಸಿಕೊಂಡವನಿಗೆ ಮನೆ ಸ್ವಂತದ್ದು ಅನ್ನಿಸುವುದು ಹೇಗೆ?

ಆಮೇಲೆ ನಡೆದದ್ದು ನೋಡಿ. ಜರ್ಮನಿಯಲ್ಲಿ 2023ರಲ್ಲಿ 3 ಲಕ್ಷ 56 ಸಾವಿರ ಹೀಟ್ ಪಂಪು ಖರ್ಚಾಗಿದ್ದವು. 2024ರಲ್ಲಿ ಅದು 1 ಲಕ್ಷ 93 ಸಾವಿರಕ್ಕೆ ಇಳಿಯಿತು. ಕಾನೂನಿನ ಗೊಂದಲ, ಸಹಾಯಧನದ ಗೊಂದಲ, ಜನ ಕಾದು ನೋಡಿದರು. ಮಾರಿದವರು ತೇರು ಎಳೆಯುವ ಹೊತ್ತಿಗೆ ಮಾರಿದ್ದರು, ಕೊಂಡವರು ಜಾತ್ರೆ ಮುಗಿದ ಮೇಲೆ ಅಂಗಡಿ ತೆರೆದ ಹಾಗಾಯಿತು. ಆದರೂ ಕೊಳ್ಳುವವರು ನಿಲ್ಲಲಿಲ್ಲ. ಸ್ವಿಟ್ಜರ್ಲೆಂಡಿನ ಅರ್ಬೋನಿಯಾ ಕಂಪೆನಿಯ ಇದೇ ಬಗೆಯ ವಿಭಾಗವನ್ನು ಚೀನದ ಮಿಡಿಯಾ ಕೊಂಡಿತು, 2025ರಲ್ಲಿ ಅದು ಪೂರ್ತಿಯಾಯಿತು. ಬಾಷ್ 2024ರಲ್ಲಿ ಜಾನ್ಸನ್ ಕಂಟ್ರೋಲ್ಸ್ ಮತ್ತು ಹಿಟಾಚಿಯ ಎಸಿ ವ್ಯವಹಾರವನ್ನು ಸುಮಾರು 800 ಕೋಟಿ ಡಾಲರಿಗೆ ಕೊಳ್ಳಲು ಒಪ್ಪಿ 2025ರಲ್ಲಿ ಮುಗಿಸಿತು. ಅದರ ಚರಿತ್ರೆಯಲ್ಲೇ ಅತಿ ದೊಡ್ಡ ಖರೀದಿ.

ತಕ್ಕಡಿಯಿಂದ ಬಾಯ್ಲರಿಗೆ

ಇನ್ನು ಇಟಲಿಯವರ ಕತೆ. ಅದು ನಮ್ಮ ಬಚ್ಚಲಿಗೇ ಬಂದು ಮುಟ್ಟುತ್ತದೆ. 1930ರಲ್ಲಿ ಅರಿಸ್ಟಿಡೆ ಮೆರ್ಲೋನಿ ಎಂಬಾತ ಫಾಬ್ರಿಯಾನೋ ಸೀಮೆಯಲ್ಲಿ ತೂಕದ ತಕ್ಕಡಿ ಮಾಡುವ ಕಾರ್ಖಾನೆ ತೆರೆದ. ಆಮೇಲೆ ಗ್ಯಾಸ್ ಸಿಲಿಂಡರು, ಆಮೇಲೆ ವಾಟರ್ ಹೀಟರು. ಅದೇ ಅರಿಸ್ಟನ್ ಬಳಗ. 2023ರ ಜನವರಿಯಲ್ಲಿ ಅವರು ಜರ್ಮನಿಯ ವೊಲ್ಫ್ ಬಾಯ್ಲರು ಇರುವ ಬಳಗವನ್ನು ಕೊಂಡರು. ನಮ್ಮಲ್ಲಿ ರಾಕೋಲ್ಡ್ ಅಂತ ಮನೆಮಾತಾಗಿರುವ ಗೀಸರು ಇದೇ ಇಟಲಿ ಬಳಗದ್ದು. ಪುಣೆ ಹತ್ತಿರದ ಚಾಕಣದಲ್ಲಿ ಕಾರ್ಖಾನೆ. ಹೆಸರು ಹಳೆಯದು, ಒಡೆತನ ಇಟಲಿಯದು, ಕೆಲಸದ ಕೈ ನಮ್ಮದು.

ದುಡ್ಡು ಕೊಡದೆಯೂ ಕಂಪೆನಿ ಕೈಗೆ ತಗೊಳ್ಳಬಹುದು ಅನ್ನುವುದನ್ನೂ ಇದೇ ಬಳಗ ಅನುಭವಿಸಿತು. 2024ರ ಏಪ್ರಿಲ್‌ನಲ್ಲಿ ರಷ್ಯಾದ ಅಧ್ಯಕ್ಷ ಪುಟಿನ್ ಒಂದು ಆಜ್ಞೆ ಹೊರಡಿಸಿ, ಅಲ್ಲಿನ ಅರಿಸ್ಟನ್ ಕಂಪೆನಿಯನ್ನು ಗ್ಯಾಜ್‌ಪ್ರಾಮ್ ಬಳಗದ ವಶಕ್ಕೆ ಕೊಟ್ಟರು. ಮರುವರ್ಷ ಮಾರ್ಚಿನಲ್ಲಿ ಇನ್ನೊಂದು ಆಜ್ಞೆ ಬಂದು ವಾಪಸ್ಸು ಸಿಕ್ಕಿತು. ಕಾಗದದ ಮೇಲೆ ಒಂದು ರುಜು, ಕಾರ್ಖಾನೆ ಅತ್ತ. ಇನ್ನೊಂದು ರುಜು, ಇತ್ತ.

ನಮ್ಮ ಪೇಟೆಗೆ ಏನು ಪಾಠ?

ಇದೆಲ್ಲ ಯೂರೋಪಿನ ಮಾತಾಯಿತು, ನಮಗೇನು ಅನ್ನಬೇಡಿ. ಗುಜರಾತಿನ ಕಡಿಯಲ್ಲಿ ಹಿಟಾಚಿ ಎಸಿ ಮಾಡುವ ಕಂಪೆನಿ ಆ ದೊಡ್ಡ ಖರೀದಿಯ ಜೊತೆಯಲ್ಲೇ ಬಾಷ್ ಹೆಸರಿಗೆ ಬಂತು. ಕನಕಪುರ ರಸ್ತೆಯ ಹಾರೋಹಳ್ಳಿಯಲ್ಲಿ 2010ರಲ್ಲಿ ಗೀಸರು ಕಾರ್ಖಾನೆ ಹಾಕಿದ ಅಮೆರಿಕದ ಎ.ಓ. ಸ್ಮಿತ್ ಇದ್ದಾರಲ್ಲ, ಅವರು ಮರುವರ್ಷವೇ ಅಮೆರಿಕದಲ್ಲಿ ಲಾಕಿನ್‌ವಾರ್ ಅನ್ನುವ ಬಾಯ್ಲರು ಕಂಪೆನಿ ಕೊಂಡವರು. 2024ರಲ್ಲಿ ಯೂನಿಲಿವರ್ ಕೈಯಿಂದ ಪ್ಯೂರಿಟ್ ನೀರಿನ ಫಿಲ್ಟರನ್ನೂ ಕೊಂಡರು. ನಿಮ್ಮ ಅಡಿಗೆಮನೆಯ ಫಿಲ್ಟರಿನ ಯಜಮಾನ ಬದಲಾದದ್ದು ನಿಮಗೆ ಗೊತ್ತಿತ್ತೇ? ಪೆಟ್ಟಿಗೆ ಏನೂ ಹೇಳುವುದಿಲ್ಲ.

ಆದ್ದರಿಂದ ಕೊಳ್ಳುವವರು ಮೂರು ಮಾತು ಕೇಳಿ. ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ? ಗ್ಯಾರಂಟಿ ಚೀಟಿಯಲ್ಲಿ ಬ್ರ್ಯಾಂಡಿನ ಹೆಸರಲ್ಲದೆ ಕಂಪೆನಿಯ ಪೂರ್ತಿ ಹೆಸರು, ವಿಳಾಸ ಇದೆಯೇ? ರಿಪೇರಿಗೆ ಬರುವವನು ನಮ್ಮ ಜಿಲ್ಲೆಯಲ್ಲೇ ಇದ್ದಾನೆಯೇ? ಬಿಲ್ಲು ಬೇಡ, ಹತ್ತಿಪ್ಪತ್ತು ಉಳಿಯಲಿ ಅನ್ನಬೇಡಿ. ಆ ಬಿಲ್ಲೇ ನಾಳೆ ನಿಮ್ಮ ಸಾಕ್ಷಿ.

ಕಂಪೆನಿಯನ್ನು ಇದ್ದ ಹಾಗೇ ಕೊಂಡಿದ್ದರೆ, ಅಥವಾ ವಿಲೀನವಾಗಿದ್ದರೆ, ಹಳೇ ಗ್ಯಾರಂಟಿಯ ಹೊಣೆ ಸಾಮಾನ್ಯವಾಗಿ ಕಂಪೆನಿಯ ಜೊತೆಯೇ ಸಾಗುತ್ತದೆ. ಬೋರ್ಡು ಮಾತ್ರ ಮಾರಿದ್ದರೆ ಹೊಣೆ ಯಾರದು ಅನ್ನುವುದು ಅವರವರ ಕರಾರಿನಲ್ಲಿ ಅಡಗಿರುತ್ತದೆ. ಹೆಸರು ನೋಡಿ ಕೊಂಡ ಗಿರಾಕಿ ಆ ಕರಾರನ್ನು ಎಲ್ಲಿ ಕಂಡಾನು? ತಕರಾರು ಬಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. 5 ಲಕ್ಷ ರೂಪಾಯಿಯವರೆಗಿನ ಸರಕಿನ ದೂರಿಗೆ ಅಲ್ಲಿ ಶುಲ್ಕವಿಲ್ಲ.

ಅಂಗಡಿಯವರೂ ಎಚ್ಚರವಾಗಿರಿ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ, ದೋಷದ ಸರಕಿನಿಂದ ಹಾನಿಯಾಗಿ, ತಯಾರಕ ಯಾರೆಂದೇ ಗೊತ್ತಾಗದಿದ್ದರೆ, ಅಥವಾ ಅವನಿಗೆ ನೋಟೀಸು ಮುಟ್ಟಿಸಲಾಗದಿದ್ದರೆ, ಮಾರಿದವರ ಮೇಲೆ ಹೊಣೆ ಬರಬಹುದು. ಕೈ ಬದಲಾದ ಕಂಪೆನಿಯ ಸರಕು ಇಡುವಾಗ ಹೊಸ ಯಜಮಾನನ ವಿಳಾಸ ಏಜೆಂಟರಿಂದ ಬರೆಸಿ ಇಟ್ಟುಕೊಳ್ಳಿ. ಗಿರಾಕಿ ಬೈಯಲು ಬರುವುದು ಜರ್ಮನಿಗಲ್ಲ, ನಿಮ್ಮ ಕಟ್ಟೆಗೆ.

ಮೊನ್ನೆಯ ಥರ್ಮೋಸ್ಟಾಟಿನ ಕತೆ ಏನಾಯಿತು ಅಂತೀರಾ? ಎರಡನೇ ಸಲ ಹೋದಾಗ ಅಂಗಡಿಯವರು ಹಿಂದಿನ ಗೋಡೌನಿನಲ್ಲಿ ಹುಡುಕಿ, ಅದೇ ಅಳತೆಯ, ಐ.ಎಸ್.ಐ. ಗುರುತಿನ ಬೇರೊಂದನ್ನು ತಂದು ಹಾಕಿಸಿಕೊಟ್ಟರು. ನಾವು ತಮಾಷೆಗೆ ಕೇಳಿದೆವು, “ಯಾರಾದರೂ ಕೋಟಿ ರೂಪಾಯಿ ಕೊಡ್ತೀನಿ ಅಂದ್ರೆ ಈ ಅಂಗಡಿ ಬೋರ್ಡು ಮಾರ್ತೀರಾ?”

ಅವರು ತಲೆಯೆತ್ತಿ ತಂದೆಯ ಹೆಸರಿದ್ದ ಬೋರ್ಡನ್ನು ಒಮ್ಮೆ ನೋಡಿದರು. “ಅಂಗಡಿ ಬೇಕಾದ್ರೆ ಕೊಟ್ಟೇನು ಸ್ವಾಮಿ. ಬೋರ್ಡು ಕೊಟ್ಟರೆ, ಅವನು ಮಾಡಿದ ಕೆಲಸಕ್ಕೆ ನೀವು ನಮ್ಮಪ್ಪನ್ನ ಬೈತೀರಲ್ಲ!”

ಅಷ್ಟರಲ್ಲಿ ಬಸ್ಸು ಹಾರ್ನ್ ಹೊಡೆಯಿತು. ಚಿಲ್ಲರೆ ಎಣಿಸಿಕೊಂಡು ಓಡಿದೆವು.